ಬಿಜಲಿ ಎಂಬ ತಟ್ಟುಕುದುರೆಯ ದಿಗ್ವಿಜಯ

ಎಲೈ ವಾಗ್ದೇವಿಯೇ, ವೀಣೆಯನ್ನು ಒಂದು ಗಳಿಗೆ ಗೋಡೆಗೊರಗಿಸಿ ಇತ್ತ ಬಾ! ಸಾಗರಲಂಘನ, ಲಂಕಾದಹನಗಳನ್ನು ಹಾಡಿ ಹಾಡಿ ನನ್ನ ಗಂಟಲು ಒಣಗಿದೆ. ಆಟೋರಿಕ್ಷಾಗಳು ಇನ್ನೂ ಧರೆಗಿಳಿಯದಿದ್ದ ಪುಣ್ಯಯುಗದಲ್ಲಿ, ವಿಜಾಪುರದ ಟಾಂಗಾ ಸ್ಟ್ಯಾಂಡೆಂಬ ಆಸ್ಥಾನದಲ್ಲಿ ವಿರಾಜಮಾನನಾಗಿದ್ದ, ಚಾವಟಿಪಾಣಿಯೂ ಬೀಡಿಧೂಮಕೇತನನೂ ಎರಡೇ ಗುಂಡಿಯುಳಿದ ಖಾಕಿಕೋಟಿನ ಕವಚಧಾರಿಯೂ ಆದ ಯಮನಪ್ಪನ ಅಶ್ವಶಿಕ್ಷಣಪರ್ವವನ್ನು ಇಂದು ಹಾಡುತ್ತೇನೆ. ನಗುವವರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ.

ಯುದ್ಧಕ್ಕೆ ಕಾರಣ ಬದನೆಕಾಯಿ ಪಲ್ಯ. ಉಪ್ಪು ಹೆಚ್ಚಾಯಿತೆಂದು ಯಮನಪ್ಪ ಎಂದನು, ಆಗಿಲ್ಲವೆಂದು ಧರ್ಮಪತ್ನಿ ನೀಲವ್ವ ಎಂದಳು. ಮಾತಿಗೆ ಮಾತು ಬೆಳೆದು, ನಮ್ಮ ವೀರನು ಓಣಿಯೆಲ್ಲ ಕೇಳುವಂತೆ ಗರ್ಜಿಸಿದನು: “ನಿನಗಿಂತ ನನ್ನ ಕುದುರೀನ ಚಲೋ ಮಾತ ಕೇಳತೈತಿ!”

ಕುದುರೆ ಎಂದರೆ ಬಿಜಲಿ. ಹಿಂದಿನ ವಾರವಷ್ಟೇ ಸಂತೆಯಿಂದ ತಂದ, ಯಮನಪ್ಪನ ಎದೆಯೆತ್ತರಕ್ಕೂ ಬಾರದ, ಟಾಂಗಾವನ್ನು ಕಣ್ಣಿಂದಲೂ ಕಾಣದ ಹಸಿ ತಟ್ಟು. ಅದು ಅಲ್ಲಿಯವರೆಗೆ ಯಾರ ಮಾತನ್ನೂ ಕೇಳಿರಲಿಲ್ಲ.

ಆಗ ಸೌಟನ್ನು ಗದೆಯಂತೆ ಎತ್ತಿ ಹಿಡಿದು ನೀಲವ್ವ ಪ್ರತಿಜ್ಞೆ ಮಾಡಿದಳು: “ಹೌದನು? ಹಂಗಾರ ಅದರ ಟಾಂಗಾದಾಗ ಕುಂತು ನನ್ನ ಕರಿಯಾಕ ಬರ್ರಿ. ನಡಕೋತ ಬಂದ್ರ ಬಾಗಿಲಾ ತೆಗಿಯಾಂಗಿಲ್ಲ, ನೋಡ್ರಿ ಮತ್ತ!” ಹೇಳಿದವಳೇ ಸೌಟನ್ನು ಅಲ್ಲೇ ಒಗೆದು, ಮೂರು ಓಣಿಯಾಚೆಯ ಅಣ್ಣನ ಮನೆಗೆ ಹೊರಟುಹೋದಳು.

ಅಂದಿನಿಂದ ನಲವತ್ತು ದಿನಗಳ ಘೋರತಪಸ್ಸು! ಮೊದಲು ಮರದ ದಿಮ್ಮಿಯನ್ನೂ, ಬಳಿಕ ಬರಿಯ ಟಾಂಗಾವನ್ನೂ, ಕಡೆಗೆ ಕಲ್ಲು ಹೇರಿದ ಟಾಂಗಾವನ್ನೂ ಬಿಜಲಿಗೆ ಕಟ್ಟಿ, ಅದರ ಕಣ್ಣಿನ ಎರಡೂ ಬದಿಗೆ ಪಟ್ಟಿಯಿಟ್ಟು, ಲಗಾಮನ್ನು ಸೀಟಿನ ಮೇಲೆ ಎಸೆದು, ಕುದುರೆಮಸಾಲೆ ಸೊಪ್ಪಿನ ಸೂಡು ಹಿಡಿದು ವೀರನು ತಾನೇ ಮುಂದೆ ಮುಂದೆ ನಡೆದನು. ಸೊಪ್ಪಿನಾಸೆಗೆ ತಟ್ಟು ಹಿಂದೆ ಹಿಂದೆ ಬಂದಿತು.

ಸ್ಟ್ಯಾಂಡಿನ ಹಿರಿಯ ಈರಪಜ್ಜ ಕೂಗಿ ಹೇಳಿದ: “ಲೇ ಯಮನ್ಯಾ, ಒಂದಿನಾರ ಮ್ಯಾಲ ಕುಂತು ಹೊಡಿಯೋ!”

“ಅಜ್ಜಾ, ನೀ ಸುಮ್ನ ನೋಡಕೋತ ಕುಂದರು! ನಾ ಕುಂತ ದಿನಾ ಗಾಳಿ ಸೈತ ಇದರ ಹಿಂದ ಬೀಳತೈತಿ. ಗೋಳಗುಮ್ಮಟ ಎದ್ದ ನಿಂತು ದಾರಿ ಬಿಡತೈತಿ!” ಎಂದನು ಯಮನಪ್ಪ.

ಜಂಬ ಹೊರಗಿನದು. ಮನೆಯಲ್ಲಿ ಅವನು ಬಡಿದ ರೊಟ್ಟಿ ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ನೀಲವ್ವನಿಲ್ಲದ ಮನೆ ಅವನಿಗೆ ಬೇಡವೇ ಆಗಿತ್ತು. ಇದನ್ನು ಅವನು ಬಿಜಲಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

ನಲವತ್ತೊಂದನೆಯ ಬೆಳಗು. ಸ್ಟ್ಯಾಂಡಿಗೆ ಸ್ಟ್ಯಾಂಡೇ ನೋಡುತ್ತಿರಲು, ರುಮಾಲು ಸುತ್ತಿ ರಥಾರೂಢನಾದ ಯಮನಪ್ಪನು ಲಗಾಮು ಕೊಡವಿ “ಹೈ!” ಎಂದನು. ಬಿಜಲಿ ಅಲುಗಲಿಲ್ಲ. “ಹೈ ಹೈ!” ಎಂದನು. ಅದು ಕತ್ತು ಚಾಚಿ, ಮುಂದೆ ನಡೆಯಬೇಕಾದ ಮನುಷ್ಯ ಎಲ್ಲಿ ಎಂದು ಹುಡುಕಿತು. ಪಾಪ, ಅದಕ್ಕೆ ಕಲಿಸಿದ್ದೇ ಅಷ್ಟು.

ಅಷ್ಟರಲ್ಲಿ ಕ್ಷೌರದ ಪೆಟ್ಟಿಗೆ ಹಿಡಿದು ಸಂಗಪ್ಪ ಮುಂದೆ ಹಾದುಹೋದ. ಬಿಜಲಿಗೆ ಹೋದ ಜೀವ ಬಂದಂತಾಯಿತು! ಅವನ ಬೆನ್ನು ಹಿಡಿದು ಹೊರಟೇಬಿಟ್ಟಿತು. ಅಶ್ವಮೇಧದಲ್ಲಿ ಕುದುರೆಯ ಹಿಂದೆ ರಾಜ ಹೋಗುವುದನ್ನು ಕೇಳಿದ್ದೀರಿ; ಕ್ಷೌರಿಕನ ಹಿಂದೆ ಕುದುರೆಯೂ, ಅದರ ಹಿಂದೆ ರಾಜನೂ ಹೋದದ್ದು ಇದೇ ಮೊದಲು. ಲಗಾಮು ಜಗ್ಗಿದರೆ ಉಪಯೋಗವಿಲ್ಲ, ಅದರ ಅರ್ಥವೇ ತಟ್ಟಿಗೆ ಗೊತ್ತಿಲ್ಲ. ಹೀಗೆ ಮೊದಲು ಕ್ಷೌರದಂಗಡಿಯೂ, ಅಲ್ಲಿಂದ ಒಂದು ಆಡಿನ ಬೆನ್ನುಹತ್ತಿ ತಿಪ್ಪೆಯೂ, ಬಳಿಕ ಜೋಳದ ಬುಟ್ಟಿ ಹೊತ್ತ ಹೆಂಗಸೊಬ್ಬಳ ಹಿಂದೆ ಹೋಗಿ ಹಿಟ್ಟಿನ ಗಿರಣಿಯೂ ವಶವಾದವು.

ಗಿರಣಿಯ ಮುಂದೆ, ಹಿಟ್ಟಿನ ಡಬ್ಬಿ ಹಿಡಿದು ನೀಲವ್ವ ನಿಂತಿದ್ದಳು.

“ಏನ್ರೀ ಇದು? ನಾ ಹೇಳಿದ್ದು ಅಣ್ಣನ ಮನಿ.”

ಯಮನಪ್ಪನ ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು. “ಕುದುರಿ ನನ್ನ ಮಾತ ಕೇಳವಲ್ದು, ನೀಲವ್ವಾ. ಯಾರ ಮುಂದ ಹೋದ್ರೂ ಅವರ ಹಿಂದ ಹೊಂಡತೈತಿ. ಪಲ್ಯಾದಾಗ ಉಪ್ಪ ಬರೋಬರಿ ಇತ್ತು. ನೀ ಇಲ್ದ ಮನಿ ಮನಿ ಅನಸವಲ್ದು, ಬಾ.”

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಡಬ್ಬಿಯನ್ನು ಟಾಂಗಾದೊಳಗಿಟ್ಟು ತಾನೂ ಹತ್ತಿ ಕುಳಿತಳು. “ಕುಂತ ಬಂದೀರಿ, ಮಾತ ಉಳಿಸಿಕೊಂಡ್ರಿ. ಹೂಂ, ಹೊಡೀರಿ.”

ಮಹಾರಥಿಯು ಕೆಳಗಿಳಿದು, ಬಿಜಲಿಯ ಮುಂದೆ ಹೋಗಿ, ನಡೆಯತೊಡಗಿದನು.

ಮನೆ ಬಂತು. ಯಮನಪ್ಪ ಬೀಗ ತೆಗೆದು ಒಳಗೆ ಕಾಲಿಟ್ಟನು. ಶಿಷ್ಯೋತ್ತಮ ಬಿಜಲಿಯೂ ಹಿಂದೆಯೇ ಕಾಲಿಟ್ಟಿತು. ಕುದುರೆ ಒಳಗೆ, ಗಾಲಿಗಳು ಹೊರಗೆ, ಟಾಂಗಾ ಬಾಗಿಲಿಗೆ ಸಿಕ್ಕಿಕೊಂಡು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಬಿಜಲಿ ಬುಟ್ಟಿಯಲ್ಲಿದ್ದ ಕರಕಲು ರೊಟ್ಟಿಗಳನ್ನು ನೆಮ್ಮದಿಯಾಗಿ ತಿನ್ನತೊಡಗಿತು.

“ಅಲ್ರೀ,” ಹೊರಗಿನಿಂದ ನೀಲವ್ವ ಕೂಗಿದಳು, “ಇದಕ್ಕ ನಿಂದರೂದು ಕಲಿಸೀರಿಲ್ಲೋ?”

ಒಳಗೆ, ಕುದುರೆಯ ಆಚೆಯಿಂದ, ಸಣ್ಣ ದನಿಯೊಂದು ಕೇಳಿತು: “ಹಿತ್ತಲಕಡಿಂದ ಬಾರಬೇ.”

ನೀಲವ್ವ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು, ಪಕ್ಕದ ಮನೆಯವರ ಬಚ್ಚಲು ದಾಟಿ, ಮನೆ ಸೇರಿದಳು.