ಕೂತು ಬೆಲೆ ಕಟ್ಟಿ, ಮೇಡಂ

ಥ್ವೇಟ್ ಮೇಷ್ಟರ ಸಿಟ್ಟಿಗೆ ಕಾರಣ ಏಳೇ ನಿಮಿಷ. ಹೋದ ವರ್ಷ ಬಂದ ತಪಾಸಣಾಧಿಕಾರಿ ಅಷ್ಟು ಹೊತ್ತು ಬಾಗಿಲಲ್ಲಿ ನಿಂತು, ಅವರ ಲ್ಯಾಟಿನ್ ಪಾಠಕ್ಕೆ ‘ಸುಮಾರು’ ಎಂದು ಬರೆದು ಹೋಗಿದ್ದ. ಈ ಸಲವೂ ಹಾಗೇ ಆದರೆ ತರಗತಿ ಮುಚ್ಚಿದಂತೆಯೇ. ಯಾರ್ಕ್‌ಷೈರಿನ ಆ ಊರಿನಲ್ಲಿ ಲ್ಯಾಟಿನ್ ಕಲಿಯುವವರು ಉಳಿದಿದ್ದದ್ದೇ ಒಂಬತ್ತು ಮಕ್ಕಳು.

“ಬಿಸ್ಕತ್ತು ಕೊಟ್ಟು ನಗ್ತಾ ಕಳಿಸಿಬಿಡಿ ಸಾರ್,” ಎಂದು ಸ್ಟಾಫ್ ರೂಮಿನಲ್ಲಿ ಆಟದ ಮೇಷ್ಟ್ರು ಕೀತ್ ಬುದ್ಧಿ ಹೇಳಿದ.

“ನಿನ್ನ ಬಿಸ್ಕತ್ತು ನೀನೇ ತಿನ್ನು,” ಎಂದು ಥ್ವೇಟ್ ಚಹಾದ ಲೋಟ ಕುಕ್ಕಿದರು. ಇದ್ದ ಒಂದೇ ಒಳ್ಳೆಯ ಟೈ ಒದ್ದೆಯಾಯಿತು.

ಹತ್ತು ಗಂಟೆಗೆ ಹೊಸ ಅಧಿಕಾರಿ ಮಿಸೆಸ್ ಪೆಂಬರ್ಟನ್ ಬಂದು, ತರಗತಿಯ ಬಾಗಿಲಲ್ಲೇ ನಿಂತು, ಕೈಯಲ್ಲಿದ್ದ ಪಟ್ಟಿಗೆ ಟಿಕ್ ಹಾಕತೊಡಗಿದರು. ಥ್ವೇಟರ ಪಿತ್ತ ನೆತ್ತಿಗೇರಿತು.

“ಏನ್ ಮಾಡ್ತಿದೀರಿ ಮೇಡಂ?”

“ಅಸೆಸ್ ಮಾಡ್ತಿದೀನಿ.”

“ನಿಂತ್ಕೊಂಡಾ? ಆ ಮಾತಿನ ಹುಟ್ಟು ಗೊತ್ತಾ ನಿಮಗೆ? ಲ್ಯಾಟಿನ್ನಲ್ಲಿ ಅದರ ಅರ್ಥ ಪಕ್ಕದಲ್ಲಿ ಕೂತ್ಕೊಳ್ಳೋದು. ರೋಮಿನಲ್ಲಿ ನ್ಯಾಯಾಧೀಶನ ಪಕ್ಕ ಕೂತು ಸಲಹೆ ಕೊಡೋನೊಬ್ಬ ಇರ್ತಿದ್ದ. ಆಮೇಲೆ ಅದೇ ಮಾತು ತೆರಿಗೆ ಗೊತ್ತುಮಾಡೋಕೆ ಬಂತು, ಕೊನೆಗೆ ಯಾವುದಕ್ಕಾದ್ರೂ ಬೆಲೆ ಕಟ್ಟೋಕೆ. ಬೆಲೆ ಕಟ್ಟೋರು ಮೊದಲು ಕೂರಬೇಕು. ಕೂತ್ಕೊಳ್ಳಿ.”

ಆ ಕೂಗು ಶಾಲೆಯ ಆಚೆ ತುದಿಯ ಹೆಡ್‌ಮಾಸ್ಟರ ಕೋಣೆಗೂ ಮುಟ್ಟಿತು.

ಥ್ವೇಟ್ ಸಿಟ್ಟಿನಲ್ಲಿ ಎಳೆದು ತಂದ ಕುರ್ಚಿಯಲ್ಲಿ ಕೂತದ್ದೇ ಅದರ ಕಾಲು ಲಟಕ್ಕನೆ ಮುರಿದು, ಮೇಡಂ ನೆಲಕ್ಕೆ ಕುಕ್ಕರಿಸಿದರು. ಇನ್ನು ಮುಗಿಯಿತು ಎಂದುಕೊಂಡರು ಥ್ವೇಟ್. ಆದರೆ ಆಕೆ ಎದ್ದು, ಬಟ್ಟೆ ಕೊಡವಿಕೊಂಡು, ಮಕ್ಕಳ ಬೆಂಚಿನಲ್ಲೇ ಕೂತುಬಿಟ್ಟರು. ಬೆಳಗಿನ ಪಾಠ ಮುಗಿದರೂ ಏಳಲಿಲ್ಲ. ಥ್ವೇಟರ ಚೀಸ್ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ತಿಂದು ಮಧ್ಯಾಹ್ನದ ಪಾಠಕ್ಕೂ ಕೂತರು. ಗಂಟೆ ಹೊಡೆಯುವ ಹೊತ್ತಿಗೆ ತಾವೇ ಒಂದು ಲ್ಯಾಟಿನ್ ಪದ್ಯ ಒಪ್ಪಿಸಿದರು.

ಸಂಜೆ ಹೆಡ್‌ಮಾಸ್ಟರ ಕೋಣೆಯಿಂದ ಕರೆ ಬಂತು. “ಅತ್ಯುತ್ತಮ ಅಂತ ಬರ್ದಿದಾರೆ,” ಎಂದರು ಹೆಡ್‌ಮಾಸ್ಟರು.

ಥ್ವೇಟರ ಕಣ್ಣು ತುಂಬಿತು. “ಹಾಗಾದ್ರೆ ಕ್ಲಾಸು ಉಳೀತು.”

“ಇಂಥೋರನ್ನ ಒಂಬತ್ತು ಮಕ್ಕಳ ಮಧ್ಯೆ ಕೂಡಿಹಾಕೋದು ಅನ್ಯಾಯ,” ಎಂದರು ಅಲ್ಲೇ ಕೂತಿದ್ದ ಪೆಂಬರ್ಟನ್. “ಸೆಪ್ಟೆಂಬರಿಂದ ನೀವೂ ತಪಾಸಣಾಧಿಕಾರಿ. ನಲವತ್ತೆರಡು ಶಾಲೆ. ಒಬ್ಬೊಬ್ಬ ಮೇಷ್ಟ್ರ ಪಕ್ಕದಲ್ಲೂ ಕೂರಬೇಕು.”

“ನಾನು ಒಲ್ಲೆ. ನನ್ನ ಕ್ಲಾಸಿನ ಗತಿ?”

“ನಿಮ್ಮ ಪರವಾಗಿ ನಾನೇ ಒಪ್ಪಿ, ಇಲ್ಲಿನ ನಿಮ್ಮ ಹುದ್ದೆ ತೆಗೆಸಿಬಿಟ್ಟೆ,” ಎಂದರು ಹೆಡ್‌ಮಾಸ್ಟರು. “ಬೆಲೆ ಕಟ್ಟೋರು ಕೂರಬೇಕು ಅಂತ ಇಡೀ ಶಾಲೆಗೆ ಕೇಳೋ ಹಾಗೆ ಕೂಗಿದೋರು ನೀವೇ ಅಲ್ವಾ? ಕಲಿಸೋರಿಲ್ಲದ ಕ್ಲಾಸು ಮುಚ್ಚದೆ ಇನ್ನೇನು ಮಾಡ್ಲಿ?”

ಹೊಗಳಿ ಕೊಲ್ಲುವುದೆಂದರೆ ಇದೇ. ಥ್ವೇಟ್ ಕೆಂಡದಂತಾಗಿ ಹೊರಗೆ ಬಂದರು. ಬಾಗಿಲಲ್ಲಿ ಕೀತ್ ಕಾದಿದ್ದ. ಮುರಿದ ಕಾಲಿಗೆ ಹಗ್ಗ ಸುತ್ತಿ, ಆ ಕುರ್ಚಿಯನ್ನೇ ಹೊತ್ತು ತಂದಿದ್ದ.

“ಜೊತೆಗಿಟ್ಕೊಳ್ಳಿ ಸಾರ್,” ಎಂದ. “ನಲವತ್ತೆರಡು ಶಾಲೇಲೂ ನಿಮಗೆ ಯಾರೂ ಕೂತ್ಕೊಳ್ಳಿ ಅನ್ನಲ್ಲ.”