ಹಿರಿಯ ಅಳಿಯನ ಮೊದಲ ಟೂರ್ನಮೆಂಟು

ಹಾವೇರಿಯ ಮಾವ ಮೌಲಾಸಾಬರು ಬಿರಿಯಾನಿಯೊಳಗಿನ ಮಜ್ಜೆ ತುಂಬಿದ ದೊಡ್ಡ ನಲ್ಲಿ ಎಲುಬನ್ನು ಕಿರಿಯ ಅಳಿಯ ನಯಾಜನ ತಟ್ಟೆಗೆ ಹಾಕಿದ ದಿನದಿಂದ ಹಿರಿಯ ಅಳಿಯ ಮುಸ್ತಾಕನಿಗೆ ನೆಮ್ಮದಿ ಇರಲಿಲ್ಲ. ಮದುವೆಯಾದಂದಿನಿಂದ ಆ ಎಲುಬು ಅವನದಾಗಿತ್ತು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ನಯಾಜ ಮೊಬೈಲಿನ ಕಾರು ರೇಸಿನಲ್ಲಿ ಕಪ್ ಗೆದ್ದನಂತೆ, ಅದಕ್ಕೆ ಈ ಮರ್ಯಾದೆ! ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ. ಮುಸ್ತಾಕನ ಹೊಟ್ಟೆಯನ್ನು ಕೇಳಬೇಕು.

ಭಾನುವಾರ ಬೆಳಿಗ್ಗೆ, ರಾಣೆಬೆನ್ನೂರಿನ ಕಲ್ಯಾಣಮಂಟಪದಲ್ಲಿ ಇವತ್ತೇ ಅದೇ ಆಟದ ಟೂರ್ನಮೆಂಟು ಇದೆ, ನಯಾಜನೂ ಬರುತ್ತಾನೆ ಎಂದು ಗೊತ್ತಾದದ್ದೇ ತಡ, ಮುಸ್ತಾಕ ತನ್ನ ಬಳೆ ಅಂಗಡಿಗೆ ಬೀಗ ಜಡಿದ. ಆಟವನ್ನು ಮೊಬೈಲಿಗೆ ಇಳಿಸಿಕೊಂಡದ್ದು ಆಮೇಲೆ.

ಪಕ್ಕದ ಚಪ್ಪಲಿ ಅಂಗಡಿಯ ವಿರೂಪಾಕ್ಷಪ್ಪ ತಡೆದ. "ಮುಸ್ತಾಕಣ್ಣ, ಮೊದಲ ಮನ್ಯಾಗ ನಾಕ ತಿಂಗಳ ಆಡಿ ಕೈ ಕುಂದ್ರಿಸ್ಕೋರಿ. ಈಗ ಹೋದ್ರ ಮಂದಿ ನಗ್ತಾರ."

"ನಗಲಿ ಬಿಡ್ರಿ," ಎದುರಿಗೆ ಹೂ ಮಾರುತ್ತಿದ್ದ ದೇವವ್ವ ಬಾಯಿ ಹಾಕಿದಳು. "ಮನ್ಯಾಗ ಕುಂತ್ರ ಏನ್ ತಿಳೀತೈತಿ? ಮಂದ್ಯಾಗ ಸೋತ್ರನ ಬುದ್ಧಿ ಬರ್ತೈತಿ."

ಮುಸ್ತಾಕನಿಗೆ ಕೈ ಕೂರುವುದೂ ಬೇಕಿರಲಿಲ್ಲ, ಬುದ್ಧಿಯೂ ಬೇಕಿರಲಿಲ್ಲ. ನಯಾಜ ಸೋಲಬೇಕಿತ್ತು, ಅಷ್ಟೇ.

ಮೊದಲ ಸುತ್ತಿನಲ್ಲಿ ಅವನ ಕಾರು ಹಿಂದಕ್ಕೇ ಓಡಿತು. ಆದರೆ ಎದುರಾಳಿಯ ಮೊಬೈಲು ಚಾರ್ಜು ಮುಗಿದು ಕಣ್ಣು ಮುಚ್ಚಿದ್ದರಿಂದ ಮುಸ್ತಾಕನೇ ಗೆದ್ದ. ಎರಡನೆಯ ಸುತ್ತಿನ ಎದುರಾಳಿ, ಕಾಲೇಜು ಲೆಕ್ಚರರ್ ಪ್ರವೀಣಕುಮಾರ, ಇನ್ನೇನು ಗೆರೆ ದಾಟಬೇಕು, ಹೆಂಡತಿಯ ಫೋನು ಬಂತು. "ಬರೂವಾಗ ಕೊತ್ತಂಬರಿ ತರ್ರಿ!" ಆಟದ ಪರದೆ ಮುಚ್ಚಿಹೋಗಿ ಅವನ ಕಾರು ಕಂದಕಕ್ಕೆ ಉರುಳಿತು. ತೆವಳುತ್ತ ಬಂದ ಮುಸ್ತಾಕ ಫೈನಲ್ ತಲುಪಿದ. ಅಲ್ಲಿ ಎದುರಿಗೆ ನಯಾಜ!

"ಅರೇ ಭಾಯಿ, ನೀವೂ ಆಡ್ತೀರೇನು? ಭಾಳ ಖುಷಿ ಆತು ನೋಡ್ರಿ," ಎಂದು ನಯಾಜ ತಬ್ಬಿಕೊಂಡ. ಆ ಒಳ್ಳೆಯತನ ಕಂಡು ಮುಸ್ತಾಕನಿಗೆ ಇನ್ನಷ್ಟು ಉರಿಯಿತು.

ಅಷ್ಟರಲ್ಲಿ ಕೊತ್ತಂಬರಿ ಅವನಿಗೊಂದು ಉಪಾಯ ಕಲಿಸಿತ್ತು. ಫೈನಲ್ ಇದ್ದದ್ದು ನಾಲ್ಕು ಗಂಟೆಗೆ. ಮೂಲೆಗೆ ಹೋಗಿ ಮಾವನಿಗೆ ಫೋನು ಮಾಡಿದ. "ಅಬ್ಬಾ, ನಯಾಜಗ ನಿಮ್ಮ ಕೂಡ ಅರ್ಜೆಂಟ್ ಮಾತಾಡೋದೈತಂತ. ನಾಕ ಗಂಟೇಕ್ಕ ಬರೋಬ್ಬರಿ ಅಂವಗ ಫೋನ್ ಹಚ್ರಿ." ಮೌಲಾಸಾಬರ ಫೋನನ್ನು ಕತ್ತರಿಸುವ ಅಳಿಯ ಆ ಮನೆಗೆ ಇನ್ನೂ ಬಂದಿರಲಿಲ್ಲ.

ನಾಲ್ಕಕ್ಕೆ ರೇಸು ಶುರುವಾಯಿತು. ನಯಾಜನ ಕಾರು ಮುಂದೆ ಮುಂದೆ ಓಡಿತು. ಮುಸ್ತಾಕ ತನ್ನ ಕಾರನ್ನು ದೇವರಿಗೆ ಬಿಟ್ಟು ನಯಾಜನ ಮೊಬೈಲನ್ನೇ ನೋಡುತ್ತಿದ್ದ. ಅದು ತುಟಿ ಬಿಚ್ಚಲಿಲ್ಲ.

ಕೂಗಿದ್ದು ಮುಸ್ತಾಕನ ಮೊಬೈಲು. ಪರದೆಯ ತುಂಬ ಮಾವನ ಗಡ್ಡ! ಕತ್ತರಿಸಲು ಧೈರ್ಯ ಸಾಲದೆ ಗಾಬರಿಯಲ್ಲಿ ಎತ್ತಿದ. ಬೆರಳು ಸ್ಪೀಕರಿಗೂ ತಾಗಿತು.

"ಮುಸ್ತಾಕ, ನೀ ಹೇಳಿದಂಗ ಬರೋಬ್ಬರಿ ನಾಕಕ್ಕ ನಯಾಜಗ ಫೋನ್ ಹಚ್ಚೇನಿ. ಎತ್ತವಲ್ಲ!"

ಇಡೀ ಮಂಟಪ ಕೇಳಿಸಿಕೊಂಡಿತು. ಮೊದಲು ಪ್ರವೀಣಕುಮಾರ ನಕ್ಕ, ಆಮೇಲೆ ಎಲ್ಲರೂ. ಮುಸ್ತಾಕನ ಕಾರು ಗೋಡೆಗೆ ಮೂತಿ ಒತ್ತಿ ನಿಂತಿತ್ತು.

ನಯಾಜ ಗೆರೆ ದಾಟಿ ಹೇಳಿದ: "ಭಾಯಿ, ನನ್ನ ಮೊದಲನೇ ಟೂರ್ನಮೆಂಟಿನ್ಯಾಗ ನಾನೂ ಹಿಂಗ ಅಬ್ಬಾನ ಫೋನ್ ಬಂದು ಸೋತಿದ್ದೆ. ಅವತ್ತಿಂದ ಆಡೂವಾಗ ಯಾರ ಫೋನೂ ಬರದಂಗ ಮಾಡಿಡ್ತೇನಿ. ಮನ್ಯಾಗ ಆಡಿದ್ರ ಇದು ತಿಳೀತಿದ್ದಿಲ್ಲ."

ಸೋಲುವುದರಲ್ಲೂ ಈ ಮನುಷ್ಯ ತನಗಿಂತ ಮುಂದಿದ್ದಾನಲ್ಲ ಎಂದು ಮುಸ್ತಾಕ ಕುದಿದ.

ಮೌಲಾಸಾಬರು ಇನ್ನೂ ಫೋನಿನಲ್ಲಿಯೇ ಇದ್ದರು. "ಏನದು ಗದ್ಲ? ಯಾರು ಗೆದ್ರು?"

"ನಾ ಗೆದ್ದೆ, ಅಬ್ಬಾ," ನಯಾಜ ಬಗ್ಗಿ ಹೇಳಿದ. "ಭಾಯಿ ಹೊಸದಾಗಿ ಆಟಕ್ಕ ಇಳದಾರ. ಪಾಪ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ."

"ಶಾಬಾಸ್! ಮುಸ್ತಾಕ, ಮುಂದಿನ ಐತವಾರದಿಂದ ಬ್ಯಾಡಗಿಗೆ ಹೋಗಿ ನಯಾಜನ ಕಡೆ ಕಲಿ. ಮೊದಲ ಅಂವಗ ಉಸ್ತಾದ ಅಂತ ಸಲಾಮ್ ಮಾಡು. ಮಾಡಿದ್ದು ನನಗ ಕೇಳಿಸಬೇಕು."

ಮಂಟಪ ಕಿವಿಗೊಟ್ಟು ಕುಳಿತಿತ್ತು.

"ಸಲಾಮ್, ಉಸ್ತಾದ," ಎಂದ ಮುಸ್ತಾಕ.