ಊರಿನ ತಲೆ ಎಣಿಸಲು ಹೋಗಿ

ಸರಕಾರಿ ಶಾಲೆಯ ಟೀಚರ್‌ಗೆ ಪಾಠ ಹೇಳುವುದೊಂದು ಬಿಟ್ಟು ಉಳಿದೆಲ್ಲ ಕೆಲಸಗಳೂ ಬರುತ್ತಲೇ ಇರುತ್ತವೆ, ಬೆನ್ನಿಗೇ ಫಜೀತಿಗಳೂ. 2001ರ ಜನಗಣತಿಗೆ ನನ್ನನ್ನು ಮರಾಠಿ ನಾಡಿನ ದೌಂಡದ ಹತ್ತಿರದ ಒಂದು ಹಳ್ಳಿಗೆ ಹಾಕಿದರು. ಮನೆಯಲ್ಲಿ ವಿಜಾಪುರದ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಹೀಗೆ ಬೆಳೆದವಳು ನಾನು. ಆ ಊರವರ ಮರಾಠಿಯನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಅಣ್ಣ, ತಮ್ಮ

ಮೊದಲ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ತನ್ನ ವಯಸ್ಸು ನಲವತ್ತೈದು ಅಂದ. ತಮ್ಮ ನಲವತ್ತೆಂಟು ಅಂದ.

"ತಮ್ಮ ಮೂರು ವರ್ಷ ದೊಡ್ಡಾವ ಹೆಂಗಾದ್ರಿ?"

"ನಾ ಸಾಲಿಗೆ ಹೋಗಿಲ್ಲ, ಅವ್ವ ಹೇಳಿದ್ದು ಹೇಳ್ದೆ. ಅವಂದು ಸಾಲಿ ದಾಖಲೆ. ಮಾಸ್ತರ ಬರದದ್ದು," ಅಂದ ಅಣ್ಣ.

ಕಟ್ಟೆಯ ಮೇಲೆ ಕೂತಿದ್ದ ಅವರವ್ವನನ್ನೇ ಕೇಳಿದೆ. ಮುದುಕಿ ಇಬ್ಬರನ್ನೂ ಒಮ್ಮೆ ನೋಡಿದಳು.

"ಹಡದಾಕಿ ನಾನ ಖರೆ. ಆದ್ರ ಮಾಸ್ತರು ಬರದಾರಂದ್ರ, ನನಗ ಮರ್ತಿರಬೇಕ್ರಿ!"

ಒಲೆ

ಒಂದೇ ಒಲೆಯ ಅಡಿಗೆ ಉಂಡವರು ಒಂದು ಕುಟುಂಬ ಎಂದು ನಮಗೆ ಹೇಳಿಕೊಟ್ಟಿದ್ದರು. ಒಂದು ದೊಡ್ಡ ಮನೆಯಲ್ಲಿ, "ಒಲಿ ಎಷ್ಟ್ರಿ?" ಎಂದೆ.

"ಒಂದ," ಅಂದಳು ಅತ್ತೆ.

"ಎರಡು ಬರಕೋರಿ! ಇವತ್ತಿನಿಂದ ನಂದು ಬ್ಯಾರೆ," ಅಂತ ಒಳಗಿನಿಂದ ಹಿರಿಸೊಸೆ.

ನಾನು ಅಂಗಳ ದಾಟುವುದರೊಳಗೆ ಪಾತ್ರೆ ಪಾಲಾಗುವ ಸದ್ದು! ಮನೆ ಒಡೆದ ಪಾಪ ನನ್ನ ತಲೆಗೆ ಬಂತಲ್ಲ ಎಂದು ಎರಡು ದಿನ ಊಟ ಸೇರಲಿಲ್ಲ. ಮರುತಪಾಸಣೆಗೆ ಹೆದರುತ್ತಲೇ ಹೋದರೆ, ಆ ಸೊಸೆಯ ಗಂಡನೇ ಎದುರಿಗೆ ಓಡಿಬಂದ.

"ಬಾಯಾರ, ಮತ್ತ ಒಂದ ಒಲಿ ಬರೀರಿ. ಇಕಿ ಮಾಡಿದ ಸಾರು ಉಂಡು, ಸೀದಾ ಹೋಗಿ ಅವ್ವನ ಕಾಲು ಹಿಡದೀನಿ!"

ಮಾತೃಭಾಷೆ

ಊರ ಹೊರಗೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳು. ಒಂದರಲ್ಲಿ ಅತ್ತೆ ಕೂತಿದ್ದಳು, ಸೊಸೆ ರೊಟ್ಟಿ ಬಡಿಯುತ್ತಿದ್ದಳು. ನಾನು ಮರಾಠಿಯಲ್ಲಿ ಕೇಳಿದೆ. ಅತ್ತೆ ಮುರುಕು ಮರಾಠಿಯಲ್ಲಿ ಉತ್ತರ ಕೊಟ್ಟಳು. ನಡುವೆ ಸೊಸೆಗೆ ಅಚ್ಚ ಕನ್ನಡದಲ್ಲಿ ಅಂದಳು:

"ಈ ಚಸ್ಮಾದ ದಪ್ಪಿ ಯಾವಾಗ ಎದ್ದು ಹೋಗ್ತಾಳೋ! ರೊಟ್ಟಿ ಹೊತ್ತಾಕತ್ತಾವ."

ನಗು ನುಂಗಿ ಮುಂದಿನ ಪ್ರಶ್ನೆ ಕೇಳಿದೆ, "ಮಾತೃಭಾಷೆ?"

ಸೊಸೆ ಪಿಸುಗುಟ್ಟಿದಳು, "ಅತ್ತೀ, ಮರಾಠಿ ಅನ್ರಿ. ಕನ್ನಡ ಅಂದ್ರ ಹೊಳ್ಳಿ ಊರಿಗೆ ಕಳಿಸ್ಯಾರು."

ಅತ್ತೆ "ಮರಾಠಿ" ಅಂದಳು. ಆ ಮುಖದ ಅಂಜಿಕೆ ನೋಡಿ ನನ್ನ ನಗು ಹೋಯಿತು.

"ಕನ್ನಡಾನ ಬರೀತೀನ್ರಿ ಆಯಿ. ಯಾರೂ ಎಲ್ಲಿಗೂ ಕಳಸೂದಿಲ್ಲ. ಮೊದಲ ಆ ರೊಟ್ಟಿ ತಿರುವಿ ಹಾಕಸ್ರಿ," ಅಂದೆ ಕನ್ನಡದಲ್ಲಿ.

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಮಾತ್ರ ತಟ್ಟನೆ ಅಂದಳು:

"ದಪ್ಪಿ ಅಂದದ್ದು ನಿಮಗಲ್ರಿ ಅಕ್ಕಾರ, ಸರಕಾರಕ್ಕ!"

"ಹೌದಾ? ಸರಕಾರ ಚಸ್ಮಾ ಹಾಕ್ಕೋತದೇನ್ರಿ?"

"ಹಾಕ್ಕೋಬೇಕಲ್ರಿ! ನಾವು ಇಲ್ಲಿಗೆ ಬಂದು ಹತ್ತು ವರ್ಷ ಆತು, ಅದರ ಕಣ್ಣಿಗೆ ಇವತ್ತ ಬಿದ್ದೀವಿ!"